ಪ್ರತಿಕ್ರಿಯೆ: ಇದು 2-ಬ್ಯೂಟನಾಲ್ ಯಾಕಲ್ಲ?
ನೀವು ಕೊಟ್ಟ ಅಣುವಿಗೆ 2-ಬ್ಯೂಟನಾಲ್ ಅಂತ ಹೆಸರಿಟ್ಟು, ಅದು ಯಾಕೆ ತಪ್ಪು ಅಂತ ಕೇಳಿದ್ದೀರಿ. ಅದರಲ್ಲಿರುವುದು ನಾಲ್ಕು ಕಾರ್ಬನ್ ಸರಪಳಿ. ಒಂದು ತುದಿಯಲ್ಲಿ ಆಲ್ಡಿಹೈಡ್ (CHO ಗುಂಪು), ಇನ್ನೊಂದು ತುದಿಯ ಪಕ್ಕದ ಕಾರ್ಬನ್‌ಗೆ ಓಎಚ್ (ಆಲ್ಕೋಹಾಲ್ ಗುಂಪು). ನೀವು ಓಎಚ್ ಕಡೆಯಿಂದ ಎಣಿಸಿದ್ದೀರಿ, ತೊಡಕು ಆಗಿದ್ದು ಅಲ್ಲೇ.

ಇಂಥ ಎರಡು ಕ್ರಿಯಾಗುಂಪುಗಳಿದ್ದರೆ (ಅಣುವಿನ ಗುಣ ನಿರ್ಧರಿಸುವ ಪರಮಾಣು ಗುಂಪುಗಳು) ಮೊದಲು ಆದ್ಯತೆಯಲ್ಲಿ ಯಾವುದು ದೊಡ್ಡದು ಅಂತ ನೋಡಬೇಕು. ಐಯುಪಿಎಸಿ (ರಾಸಾಯನಿಕಗಳ ಹೆಸರಿನ ನಿಯಮ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ ಆಲ್ಡಿಹೈಡ್‌ಗಿಂತ ಮೇಲು. ಆಲ್ಡಿಹೈಡ್ ಆದಮೇಲೆ ಕೀಟೋನ್, ಆಲ್ಕೋಹಾಲ್, ಅಮೈನ್. ಎಸ್ಟರ್, ಅಮೈಡ್‌ಗಳೂ ಆಲ್ಡಿಹೈಡ್‌ಗಿಂತ ಮೇಲೆ ಬರುತ್ತವೆ, ಸದ್ಯಕ್ಕೆ ಬಿಡಿ.

ಇಲ್ಲಿ ಆಲ್ಡಿಹೈಡೇ ದೊಡ್ಡದು ಅಲ್ವಾ? ಹಾಗಾಗಿ ಹೆಸರಿನ ಕೊನೆ ಅದಕ್ಕೆ: ಆಲ್ಕೋಹಾಲ್‌ನ ‘-ಆಲ್’ ಅಲ್ಲ, ಆಲ್ಡಿಹೈಡ್‌ನ ‘-ಅಲ್’. ಅದರ ಕಾರ್ಬನ್ನೇ 1, ಅದನ್ನೂ ಸರಪಳಿಯಲ್ಲಿ ಎಣಿಸಬೇಕು. ತುಂಬಾ ಜನ ಅದನ್ನೇ ಬಿಟ್ಟುಬಿಡುತ್ತಾರೆ. ಓಎಚ್ ಬರುವುದು 3ನೇ ಕಾರ್ಬನ್‌ನಲ್ಲಿ, ಹೆಸರಿನ ಮುಂದೆ ಹೈಡ್ರಾಕ್ಸಿ ಆಗಿ. ಉತ್ತರ: 3-ಹೈಡ್ರಾಕ್ಸಿಬ್ಯೂಟನಲ್.

ಆಲ್ಡಿಹೈಡ್ ಜಾಗದಲ್ಲಿ ಆಮ್ಲದ ಗುಂಪಿದ್ದರೆ 3-ಹೈಡ್ರಾಕ್ಸಿಬ್ಯೂಟನೋಯಿಕ್ ಆಮ್ಲ. ಉಪವಾಸ ಜಾಸ್ತಿಯಾದಾಗ ನಮ್ಮ ರಕ್ತದಲ್ಲಿ ಏರುವುದು ಇದೇ!