ಒಂದೇ ದಿನ ಓಟು, ಎರಡು ರಾಜ್ಯದ ಫಲಿತಾಂಶ

ಕರ್ನಾಟಕ-ಮಹಾರಾಷ್ಟ್ರ ಗಡಿಯಲ್ಲಿ ಲೋಕಸಭೆ ಚುನಾವಣೆ ಅಂದರೆ ಕನ್ನಡ-ಮರಾಠಿ ಲೆಕ್ಕವೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಬೆಂಗಳೂರಿನ ಗೆಳೆಯರೂ ಇದನ್ನೇ ಕೇಳುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮೂರು ಚಿಕ್ಕೋಡಿ ತಾಲೂಕಿನಲ್ಲಿ, ದೂಧಗಂಗಾ ನದಿ ದಂಡೆ ಮೇಲಿದೆ. ಅಕ್ಕನನ್ನು ಗಡಿಯಾಚೆ, ಮಹಾರಾಷ್ಟ್ರದ ಇಚಲಕರಂಜಿಗೆ ಕೊಟ್ಟಿದ್ದೇವೆ. 2024ರಲ್ಲಿ ಎರಡೂ ಕಡೆ ಒಂದೇ ದಿನ ಮತದಾನ, ಮೇ 7. ಜೂನ್ 4ರಂದು ಎಣಿಕೆ ಶುರುವಾದಾಗ ನಮ್ಮ ಟಿವಿಯಲ್ಲಿ ಒಮ್ಮೆ ಕನ್ನಡ ಚಾನೆಲ್, ಒಮ್ಮೆ ಮರಾಠಿ ಚಾನೆಲ್. ಚಿಕ್ಕೋಡಿಯಲ್ಲಿ ಕಾಂಗ್ರೆಸ್‌ನ ಪ್ರಿಯಾಂಕಾ ಜಾರಕಿಹೊಳಿ ಗೆದ್ದರು, ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ ಸೋತರು. ಅಕ್ಕನ ಕ್ಷೇತ್ರ ಹಾತಕಣಂಗಲೆಯಲ್ಲಿ ಏಕನಾಥ ಶಿಂದೆಯವರ ಶಿವಸೇನೆ ಗೆದ್ದಿತು. ಪಕ್ಕದ ಕೊಲ್ಹಾಪುರ ಕಾಂಗ್ರೆಸ್ಸಿಗೆ ಹೋಯಿತು, ಸಾಂಗಲಿಯಲ್ಲಿ ಪಕ್ಷೇತರರು ಬಂದರು. ದಾಜಿ (ಅಕ್ಕನ ಗಂಡನನ್ನು ಹಾಗೆ ಕರೆಯುತ್ತೇವೆ) ಫೋನ್ ಮಾಡಿ, "ನಿಮ್ಮ ಕಡೆ ಕೈ ಬಂತಲ್ಲಪಾ" ಅಂದರು. ಅವರ ಕಡೆ ಒಂದು ಶಿವಸೇನೆ ಎರಡಾಗಿತ್ತು, ಒಂದು ರಾಷ್ಟ್ರವಾದಿ ಕಾಂಗ್ರೆಸ್ (ಎನ್‌ಸಿಪಿ) ಎರಡಾಗಿತ್ತು. ವರ್ಷಾನುಗಟ್ಟಲೆ ಒಂದೇ ಗುರುತಿಗೆ ಓಟು ಹಾಕಿದವರಿಗೆ ಅದು ಮನೆ ಪಾಲಾದ ಹಾಗೆ. ದಾಜಿಗೆ ಆ ನೋವು ಇನ್ನೂ ಇದೆ.

ಇನ್ನೊಂದು ವಿಷಯ. ಬೆಳಗಾವಿ ಜಿಲ್ಲೆಗೆ ಒಬ್ಬರೇ ಎಂಪಿ ಅಲ್ಲ. 18 ವಿಧಾನಸಭಾ ಕ್ಷೇತ್ರಗಳಲ್ಲಿ ಎಂಟು ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ, ಎಂಟು ಚಿಕ್ಕೋಡಿಗೆ ಸೇರಿವೆ. ಖಾನಾಪುರ, ಕಿತ್ತೂರಿನವರು ಉತ್ತರ ಕನ್ನಡ ಕ್ಷೇತ್ರಕ್ಕೆ ಓಟು ಹಾಕುತ್ತಾರೆ. 2024ರಲ್ಲಿ ಬೆಳಗಾವಿ, ಉತ್ತರ ಕನ್ನಡ ಎರಡೂ ಬಿಜೆಪಿಗೆ ಬಂದವು, ನಮ್ಮದು ಮಾತ್ರ ಕಾಂಗ್ರೆಸ್ಸಿಗೆ.

ಭಾಷೆಯ ಓಟು ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. 1996ರಲ್ಲಿ ಬೆಳಗಾವಿ ಲೋಕಸಭೆಗೆ 456 ಜನ ನಿಂತಿದ್ದರು. ಗಡಿ ವಿಷಯ ದೇಶಕ್ಕೆ ಕಾಣಲಿ ಅಂತ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಗುಂಪುಗುಂಪಾಗಿ ನಾಮಪತ್ರ ಹಾಕಿಸಿತ್ತು. 2021ರ ಉಪಚುನಾವಣೆಯಲ್ಲೂ ಸಮಿತಿಯ ಅಭ್ಯರ್ಥಿಗೆ ಒಂದು ಲಕ್ಷಕ್ಕಿಂತ ಜಾಸ್ತಿ ಮತ ಬಿದ್ದಿತ್ತು. ಆದರೆ 2018ರಲ್ಲೂ 2023ರಲ್ಲೂ ವಿಧಾನಸಭೆಗೆ ಅವರಲ್ಲಿ ಒಬ್ಬರೂ ಗೆಲ್ಲಲಿಲ್ಲ. ನಮ್ಮ ಪಕ್ಕದ ಮನೆಯ ಮರಾಠಿ ಕಾಕಾ ಮತ್ತು ನಮ್ಮ ಸ್ವಂತ ಚಿಕ್ಕಪ್ಪ ಇಬ್ಬರೂ ಕಮಲದವರು. ಒಂದೇ ಬೈಕ್ ಮೇಲೆ ಪ್ರಚಾರಕ್ಕೆ ಹೋಗುತ್ತಾರೆ. ನನಗೆ ಅದು ಸಂತೋಷದ ವಿಷಯ, ನಾನು 2024ರಲ್ಲಿ ಅವರ ಪಕ್ಷಕ್ಕೆ ಹಾಕದಿದ್ದರೂ.

ಯಾಕೆ ಹಾಕಲಿಲ್ಲ ಅಂದರೆ, ಕಬ್ಬು. ನಮ್ಮ ಕಡೆ ದಿಲ್ಲಿ ಅಂದರೆ ಮೊದಲು ಎಫ್‌ಆರ್‌ಪಿ, ಅಂದರೆ ಕಾರ್ಖಾನೆಯವರು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ. ಕಬ್ಬಿನ ಆ ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ. ಚುನಾವಣೆಗೆ ಮುಂಚೆ ಅದನ್ನು ಕ್ವಿಂಟಲ್‌ಗೆ 315 ರೂಪಾಯಿಯಿಂದ 340ಕ್ಕೆ ಏರಿಸಿದರು. ಅದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ 2023ರ ಡಿಸೆಂಬರ್‌ನಲ್ಲಿ, ಕಬ್ಬು ನುರಿಸುವ ಹಂಗಾಮಿನ ನಡುವೆ, ಕಬ್ಬಿನ ರಸದಿಂದ ಇಥೆನಾಲ್ ಮಾಡಬಾರದು ಅಂತ ಅದೇ ಸರ್ಕಾರ ಆದೇಶ ಹೊರಡಿಸಿತು. ಆಮೇಲೆ ಸ್ವಲ್ಪ ಸಡಿಲ ಮಾಡಿತು. ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ ಕೊಡಬೇಕು ಅಂತ ನಿಯಮ ಇದೆ. ನಮ್ಮ ಕಾರ್ಖಾನೆಯವರು ಆ ವರ್ಷ ಅದೇ ಆದೇಶದ ನೆಪ ಹೇಳಿ ತಿಂಗಳುಗಟ್ಟಲೆ ಎಳೆದರು. ಸೊಸೈಟಿ ಸಾಲ ಮಾತ್ರ ಕಾಯಲಿಲ್ಲ. 2019ರಲ್ಲಿ ಕಮಲಕ್ಕೆ ಹಾಕಿದ್ದ ನಾನು 2024ರಲ್ಲಿ ಕೈಗೆ ಹಾಕಿದೆ. ಚಿಕ್ಕಪ್ಪನಿಗೆ ಮುಖಕ್ಕೇ ಹೇಳಿದೆ. ಅವರು ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ನೀರಿನ ಪಾಳಿ ಕೇಳಲು ಬಂದರು.

ದೇಶದ ಫಲಿತಾಂಶ ನೋಡಿ ನನಗೆ ಅನಿಸಿದ್ದು ಇಷ್ಟು. ಬಿಜೆಪಿ 303ರಿಂದ 240ಕ್ಕೆ ಇಳಿಯಿತು, ಕಾಂಗ್ರೆಸ್ 52ರಿಂದ 99ಕ್ಕೆ ಏರಿತು. ಬಹುಮತಕ್ಕೆ 272 ಬೇಕು. ಅಂದರೆ ಗೆದ್ದವರೂ ಇನ್ನೊಬ್ಬರ ಮಾತು ಕೇಳಲೇಬೇಕು. ರಾತ್ರೋರಾತ್ರಿ ಬರುವ ಆದೇಶಗಳಿಂದ ಪೆಟ್ಟು ತಿಂದ ನಮ್ಮಂಥವರಿಗೆ ಅದು ಬೇಕಾಗಿತ್ತು.

ಆದರೆ ನಮ್ಮ ದೊಡ್ಡ ಜಗಳ ಯಾವ ಪಕ್ಷ ಬಂದರೂ ಹಾಗೇ ಉಳಿಯುತ್ತದೆ. ಆಲಮಟ್ಟಿ ಅಣೆಕಟ್ಟನ್ನು 519.6 ಮೀಟರ್‌ನಿಂದ 524.256ಕ್ಕೆ ಎತ್ತರಿಸಬೇಕು ಅಂತ ನಮ್ಮ ರಾಜ್ಯದ ಎಲ್ಲ ಪಕ್ಷದವರೂ ಹೇಳುತ್ತಾರೆ. ವಿಜಯಪುರದ ಹೊಲಗಳಿಗೆ ಆ ನೀರು ಬೇಕು. ಸಾಂಗಲಿ, ಕೊಲ್ಹಾಪುರದಲ್ಲಿ ಅದೇ ಪಕ್ಷಗಳವರು ಬೇಡ ಅನ್ನುತ್ತಾರೆ, ಹಿನ್ನೀರಿನಿಂದ ನಮಗೆ ಮಹಾಪೂರ ಬರುತ್ತದೆ ಅಂತ. ದಾಜಿಯ ಹತ್ತಿರ ನಾನು ಪಕ್ಷದ ವಿಷಯ ಎಷ್ಟು ಹೊತ್ತಾದರೂ ಮಾತಾಡುತ್ತೇನೆ, ಆಲಮಟ್ಟಿ ವಿಷಯ ಎತ್ತುವುದಿಲ್ಲ. 2019ರ ಪೂರದಲ್ಲಿ ಅವರ ಮನೆಗೂ ನೀರು ಬಂತು, ನಮ್ಮ ಹೊಲಕ್ಕೂ ಬಂತು. ಈಗಲೂ ಮಳೆಗಾಲದಲ್ಲಿ ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ಅಣೆಕಟ್ಟಿನ ಗೇಟ್ ತೆರೆಯಿತು ಅಂದರೆ ಅಕ್ಕ ಫೋನ್ ಮಾಡುತ್ತಾಳೆ. ಇಲ್ಲಿ ದೂಧಗಂಗಾ ಏರಿದರೆ ನಾನು ಮಾಡುತ್ತೇನೆ.