ಮುಂಬೈ ಹೈಕೋರ್ಟಿಗೆ ಬರಲಾ ಎಂದು ಕೇಳಿದ ತಂಗಿಗೆ

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಧಾರವಾಡದಲ್ಲಿ ಲಾ ಮುಗಿಯುತ್ತಾ ಬಂತು, ಮುಂಬೈ ಹೈಕೋರ್ಟಿನಲ್ಲಿ ಜೂನಿಯರ್ ಆಗಿ ಸೇರಬೇಕು, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ. ನಿಮ್ಮಪ್ಪನ ಮಾತನ್ನೂ ಬರೆದಿದ್ದೀಯ. "ಕೋರ್ಟೆಲ್ಲ ಈಗ ರಾಜಕಾರಣಿಗಳ ಕೈಯಲ್ಲಿದೆ. ಹೊರದೇಶದಲ್ಲಾದರೆ ಬೇರೆ. ಇಲ್ಲಿ ಅಷ್ಟು ದೂರ ಹೋಗಿ ಏನು ಮಾಡ್ತೀ?" ಅಂದರಂತೆ.

ಇರುವ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಹೈಕೋರ್ಟ್ ಇರುವ ಫೋರ್ಟ್ ಹತ್ತಿರ ಮನೆ ಹುಡುಕಬೇಡ. ಡೊಂಬಿವಲಿಯಲ್ಲೋ ಠಾಣೆಯಲ್ಲೋ ಇಬ್ಬರು ಹುಡುಗಿಯರ ಜೊತೆ ರೂಮು ಹಿಡಿ, ರೈಲಿನ ಪಾಸ್ ಮಾಡಿಸು. ಮೊದಲ ಎರಡು ವರ್ಷ ಸೀನಿಯರ್ ಕೊಡುವ ದುಡ್ಡಿನಲ್ಲಿ ತಿಂಗಳು ದಾಟುವುದು ಕಷ್ಟ, ಮನೆಯಿಂದ ಸ್ವಲ್ಪ ತರಿಸಿಕೊಳ್ಳಬೇಕಾಗುತ್ತದೆ. ಹೈಕೋರ್ಟಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಆದರೆ ಪೊಲೀಸರ ಪಂಚನಾಮೆ, ಕಕ್ಷಿದಾರರ ಕಾಗದ ಪತ್ರ ಬಹುಪಾಲು ಮರಾಠಿ. ಬೇಗ ಕಲಿ. ಕನ್ನಡಕ್ಕೆ ಇಲ್ಲಿ ಬರ ಇಲ್ಲ. ಮಾಟುಂಗಾದಲ್ಲಿ ಮೈಸೂರ್ ಅಸೋಸಿಯೇಷನ್ ಇದೆ, ಮಾಹಿಮಿನಲ್ಲಿ ಕರ್ನಾಟಕ ಸಂಘ ಇದೆ. ಅಷ್ಟಕ್ಕೂ ಇದು ನಮಗೆ ಪರಊರೇ ಅಲ್ಲ. 1956ರವರೆಗೆ ಧಾರವಾಡ ಮುಂಬೈ ರಾಜ್ಯದಲ್ಲೇ ಇತ್ತು. ನಮ್ಮಜ್ಜ ಹೊಲದ ಅಪೀಲಿಗೆ ಬುತ್ತಿ ಕಟ್ಟಿಕೊಂಡು ಬಂದದ್ದು ಇದೇ ಹೈಕೋರ್ಟಿಗೆ.

ಈಗ ಅಪ್ಪನ ಮಾತು. ನಾನು ಬಂದ ಮೂರನೇ ವರ್ಷ ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಒಂದು ಪಗಡಿ ಖೋಲಿಯ, ಅಂದರೆ ಮುಂಗಡ ದುಡ್ಡು ಕೊಟ್ಟು ಹಿಡಿದ ಹಳೇ ಬಾಡಿಗೆ ಕೋಣೆಯ, ಕೇಸಿತ್ತು. ನಮ್ಮ ಕಕ್ಷಿದಾರರು ಕುಂದಾಪುರ ಕಡೆಯವರು, ಹೋಟೆಲಿನಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಭಟ್ಟರು. ಮಾಲೀಕ ಖೋಲಿ ಬಿಡಿಸಲು ದಾವೆ ಹಾಕಿದ್ದ. ತೀರ್ಪಿಗೆ ಎರಡು ವಾರ ಇರುವಾಗ ವಾರ್ಡಿನ ಒಬ್ಬ ಪುಢಾರಿ ಭಟ್ಟರನ್ನು ಕರೆಸಿದ. "ಸಾಹೇಬರು ನನ್ನ ಮಾತು ಮೀರುವುದಿಲ್ಲ, ನಲವತ್ತು ಸಾವಿರ ಕೊಡು" ಅಂದ. ಮಗಳ ಮದುವೆಗೆ ಕೂಡಿಟ್ಟ ದುಡ್ಡನ್ನು ಭಟ್ಟರು ಸ್ಟೀಲ್ ಡಬ್ಬಿಯಲ್ಲಿ ತಂದು ನಮ್ಮ ಮೇಜಿನ ಮೇಲಿಟ್ಟು, ಕೊಡಲಾ ಅಂತ ಕೇಳಿದರು. ಡಬ್ಬಿಯ ಮುಚ್ಚಳ ತೆಗೆಯಲು ಅವರ ಕೈ ಬರುತ್ತಿರಲಿಲ್ಲ. ನಮ್ಮ ಸೀನಿಯರ್ ಹೇಳಿದ್ದು ಒಂದೇ ಮಾತು: ಮನೆಗೆ ಒಯ್ಯಿರಿ. ತೀರ್ಪು ಭಟ್ಟರ ಪರವಾಗಿಯೇ ಬಂತು. ಆ ಜಡ್ಜ್‌ಗೆ ಪುಢಾರಿಯ ಮುಖವೂ ಗೊತ್ತಿರಲಿಕ್ಕಿಲ್ಲ. ದುಡ್ಡು ಕೊಟ್ಟಿದ್ದರೆ ಆ ಗೆಲುವು ತನ್ನದೇ ಅನ್ನುತ್ತಿದ್ದ ಅವನು. ಭಟ್ಟರೂ ಸಾಯುವವರೆಗೆ ಹಾಗೇ ನಂಬುತ್ತಿದ್ದರು. "ಎಲ್ಲಾ ಅವರ ಕೈಯಲ್ಲಿದೆ" ಅನ್ನುವ ಮಾತಿನಿಂದ ಹೊಟ್ಟೆ ಹೊರೆಯುವವರು ಬಹಳ ಜನ ಇದ್ದಾರೆ ತಂಗಿ. ಅವರ ಮಾತಿಗೆ ಬೆಲೆ ಕೊಡಬೇಡ.

ಹಾಗಂತ ರಾಜಕೀಯದ ಕೈ ಕೋರ್ಟಿಗೆ ಬರುವುದೇ ಇಲ್ಲ ಅಂದರೆ ನಿನಗೆ ಸುಳ್ಳು ಹೇಳಿದಂತೆ. ಬರುತ್ತದೆ, ಆದರೆ ಫೋನ್ ಮಾಡಿ ಬರಬೇಕಾಗಿಲ್ಲ. ಬಡ್ತಿ, ವರ್ಗ, ನಿವೃತ್ತಿಯ ವಯಸ್ಸು, ತುಂಬದೆ ಬಿಟ್ಟ ಕುರ್ಚಿ. ಇಷ್ಟು ಸಾಕು.

ನಮ್ಮವರದೇ ಉದಾಹರಣೆ ಕೊಡುತ್ತೇನೆ. ಕಾರ್ಕಳ ತಾಲ್ಲೂಕಿನ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದರು. 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ಕೇಸಿನ ತೀರ್ಪು ಬಂತು. ಕೇಸು ಹಾಕಿದ್ದ ಸ್ವಾಮಿಗಳು ಕಾಸರಗೋಡಿನ ಎಡನೀರು ಮಠದವರು. ಅವರ ಪರ ವಾದಿಸಿದ್ದು ನಮ್ಮ ಮುಂಬೈಯ ನಾನಿ ಪಾಲ್ಖಿವಾಲಾ. 13 ಜಡ್ಜ್‌ಗಳು, 7-6ರ ತೀರ್ಪು: ಪಾರ್ಲಿಮೆಂಟು ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ. ಹೆಗ್ಡೆಯವರು ಆ 7 ಜನರಲ್ಲಿ ಒಬ್ಬರು. ಮುಂದಿನ ಮುಖ್ಯ ನ್ಯಾಯಮೂರ್ತಿಯನ್ನು ಸರ್ಕಾರ ಆರಿಸಿದಾಗ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಕೂರಿಸಿತು. ಮೂವರೂ ರಾಜೀನಾಮೆ ಕೊಟ್ಟು ಎದ್ದು ಬಂದರು. ಹೆಗ್ಡೆಯವರು ಆಮೇಲೆ ರಾಜಕೀಯಕ್ಕೆ ಹೋಗಿ ಲೋಕಸಭೆಯ ಸ್ಪೀಕರ್ ಆದರು. ಅದು ನನಗೆ ಪೂರ್ತಿ ಒಪ್ಪಿಗೆಯಾದ ದಾರಿಯಲ್ಲ. ಆದರೆ ಆ ರಾಜೀನಾಮೆಯ ಬೆಲೆ ಅದರಿಂದ ಕಡಿಮೆಯಾಗಲಿಲ್ಲ.

ಮೂರು ವರ್ಷಕ್ಕೆ ಮತ್ತೆ ಅದೇ ಆಯಿತು. ತುರ್ತು ಪರಿಸ್ಥಿತಿಯಲ್ಲಿ ಒಳಗೆ ಹಾಕಿದವರು ಬಿಡುಗಡೆಗಾಗಿ ಕೋರ್ಟಿಗೆ ಬರುವ ಹಾಗೇ ಇಲ್ಲ ಎಂದು 1976ರಲ್ಲಿ ಸುಪ್ರೀಂ ಕೋರ್ಟ್ 4-1ರಲ್ಲಿ ಹೇಳಿತು. ಒಪ್ಪದ ಆ ಒಬ್ಬರು ಎಚ್.ಆರ್. ಖನ್ನಾ. 1977ರಲ್ಲಿ ಅವರಿಗೆ ಸಿಗಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಕಿರಿಯರಾದ ಬೇಗ್ ಅವರಿಗೆ ಹೋಯಿತು. ಭಿನ್ನ ತೀರ್ಪು ಬರೆಯುವಾಗಲೇ ಹೀಗಾಗುತ್ತದೆ ಅಂತ ಖನ್ನಾ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದರು. ಆ 4 ಜನರಲ್ಲಿ ಒಬ್ಬರು ಪುಣೆಯ ವೈ.ವಿ. ಚಂದ್ರಚೂಡ್. 2017ರಲ್ಲಿ ಖಾಸಗಿತನದ ಹಕ್ಕಿನ ಕೇಸಿನಲ್ಲಿ ಆ ತೀರ್ಪು ತಪ್ಪು ಅಂತ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಖಾಸಗಿತನದ ಆ ಕೇಸು ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು. ಸರಿಯಾಗಲು ನಲವತ್ತೊಂದು ವರ್ಷ ಬೇಕಾಯಿತು, ಅಲ್ವಾ.

ಅದೇ ಕಾಲದಲ್ಲಿ ಇಲ್ಲಿ ಏನಾಯಿತು ಅಂತಲೂ ತಿಳಿದುಕೋ. ಮೀನೂ ಮಸಾನಿಯವರ ಪತ್ರಿಕೆಯ ಲೇಖನಗಳನ್ನು ಸೆನ್ಸಾರ್ ತಡೆದಿತ್ತು. ಅವರು ಮುಂಬೈ ಹೈಕೋರ್ಟಿಗೆ ಬಂದರು, ತುರ್ತು ಪರಿಸ್ಥಿತಿಯ ನಡುವೆಯೇ ಗೆದ್ದರು.

ಅಪ್ಪ ಹೇಳುವ ಹೊರದೇಶ ಯಾವುದು? ಹಂಗರಿಯಲ್ಲಿ 2012ರಲ್ಲಿ ಜಡ್ಜ್‌ಗಳ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿದರು. ಯಾರನ್ನೂ ವಜಾ ಮಾಡಲಿಲ್ಲ, ಸುಮ್ನೆ ವಯಸ್ಸು ಬದಲಾಯಿಸಿದರು, ಹಿರಿಯರೆಲ್ಲ ಮನೆಗೆ. ಪೋಲೆಂಡಿನಲ್ಲಿ 2018ರಲ್ಲಿ ಸುಪ್ರೀಂ ಕೋರ್ಟಿಗೆ ಇದೇ ಉಪಾಯ, 70ರಿಂದ 65. ಅಲ್ಲಿನ ಮುಖ್ಯ ನ್ಯಾಯಮೂರ್ತಿ ಗೆರ್ಸ್ಡಾರ್ಫ್ ಎಂಬ ಹೆಣ್ಣುಮಗಳು. ನನ್ನ ಅವಧಿ ಸಂವಿಧಾನದಲ್ಲೇ ಇದೆ, 2020ರವರೆಗೆ ಹೋಗುವುದಿಲ್ಲ ಎಂದು ಮಾರನೇ ದಿನ ಎಂದಿನಂತೆ ಕೆಲಸಕ್ಕೆ ಬಂದರು. ಬಾಗಿಲಲ್ಲಿ ಜನ ನೆರೆದಿದ್ದರು. ಎರಡೂ ದೇಶಗಳ ಕಾನೂನು ತಪ್ಪು ಅಂತ ಯುರೋಪಿನ ಕೋರ್ಟು ಹೇಳಿತು. ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ಗೆ ನಿವೃತ್ತಿ ವಯಸ್ಸೇ ಇಲ್ಲ. ಆದರೂ 2016ರಲ್ಲಿ ಖಾಲಿಯಾದ ಒಂದು ಕುರ್ಚಿಯನ್ನು ಅಧ್ಯಕ್ಷ ಒಬಾಮಾ ಅವಧಿ ಮುಗಿಯುವವರೆಗೂ ಸೆನೆಟ್ ತುಂಬಲು ಬಿಡಲಿಲ್ಲ. ಮೆಕ್ಸಿಕೋದಲ್ಲಿ 2025ರಲ್ಲಿ ಜಡ್ಜ್‌ಗಳನ್ನೇ ಚುನಾವಣೆಯಲ್ಲಿ ಆರಿಸಿದರು. ಓಟು ಕೇಳಿ ಬಂದವನ ಮುಂದೆ ನಾಳೆ ಓಟು ಹಾಕಿಸಿದವನೇ ಕಕ್ಷಿದಾರನಾಗಿ ನಿಂತರೆ ಏನು ಗತಿ? ನನಗಂತೂ ಅದು ಬೇಡವೇ ಬೇಡ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಪಾಕಿಸ್ತಾನದ ಕಥೆ. 2007ರ ಮಾರ್ಚಿನಲ್ಲಿ ಮುಷರಫ್ ಅಲ್ಲಿನ ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿಯವರನ್ನು ಅಮಾನತು ಮಾಡಿದರು. ವಕೀಲರು ಕರಿಕೋಟಿನಲ್ಲೇ ಬೀದಿಗೆ ಇಳಿದರು, ಲಾಠಿ ತಿಂದರು, ಜೈಲಿಗೆ ಹೋದರು. ಎರಡು ವರ್ಷ ಬಿಡಲಿಲ್ಲ. 2009ರ ಮಾರ್ಚಿನಲ್ಲಿ ಆ ಜಡ್ಜ್ ಮತ್ತೆ ಕುರ್ಚಿಗೆ ಬಂದರು. ಅಷ್ಟು ಗೆದ್ದ ದೇಶದಲ್ಲೇ 2024ರಲ್ಲಿ ಸಂವಿಧಾನ ತಿದ್ದಿ, ಮುಖ್ಯ ನ್ಯಾಯಮೂರ್ತಿಯನ್ನು ಪಾರ್ಲಿಮೆಂಟಿನ ಸಮಿತಿ ಆರಿಸುವಂತೆ ಮಾಡಿದರು.

ನಮ್ಮಲ್ಲಿ ಕೊಲಿಜಿಯಂ ಇದೆ, ಹಿರಿಯ ಜಡ್ಜ್‌ಗಳೇ ಹೊಸ ಜಡ್ಜ್‌ಗಳ ಹೆಸರು ಆರಿಸುವ ಕೂಟ. 2015ರಲ್ಲಿ ಸುಪ್ರೀಂ ಕೋರ್ಟ್ 4-1ರಲ್ಲಿ ಕಾನೂನು ಮಂತ್ರಿಯೂ ಕೂರುವ ನೇಮಕಾತಿ ಆಯೋಗವನ್ನು ರದ್ದು ಮಾಡಿ ಅದನ್ನೇ ಉಳಿಸಿಕೊಂಡಿತು. ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುವುದು ಮುಚ್ಚಿದ ಕೋಣೆಯ ಕೆಲಸ, ನನಗೂ ಸಮಾಧಾನ ಇಲ್ಲ. ಆದರೆ ಆ ಕೋಣೆಯಲ್ಲಿ ಮಂತ್ರಿಯನ್ನೂ ಕೂರಿಸಿದರೆ ಕಿಟಕಿ ತೆರೆದಂತಾಗುವುದಿಲ್ಲ. ಈಗಲೇ ಕೊಲಿಜಿಯಂ ಎರಡನೇ ಸಲ ಕಳಿಸಿದ ಹೆಸರುಗಳ ಮೇಲೂ ಸರ್ಕಾರ ಕೂತುಬಿಡುತ್ತದೆ. ಆ ಕಾಯುವಿಕೆಯಲ್ಲಿ ಒಳ್ಳೆಯ ವಕೀಲ ಬೇಸತ್ತು ತನ್ನ ಹೆಸರು ವಾಪಸ್ ತೆಗೆದುಕೊಂಡರೆ ಕೇಳುವವರು ಯಾರು?

ಇಷ್ಟೆಲ್ಲ ಇದ್ದೂ ನಾನು ಇಲ್ಲೇ ಯಾಕಿದ್ದೇನೆ ಗೊತ್ತಾ? 1992-93ರ ಮುಂಬೈ ಗಲಭೆಯ ತನಿಖೆಯನ್ನು ಹೈಕೋರ್ಟ್ ಜಡ್ಜ್ ಶ್ರೀಕೃಷ್ಣ ಅವರಿಗೆ ಕೊಟ್ಟಿದ್ದರು. ಬೆಳ್ಳೂರು ನಾರಾಯಣಸ್ವಾಮಿ ಶ್ರೀಕೃಷ್ಣ, ಹೆಸರಲ್ಲೇ ನಮ್ಮ ಕಡೆಯ ಊರಿದೆ. 1996ರ ಜನವರಿಯಲ್ಲಿ ರಾಜ್ಯ ಸರ್ಕಾರ ಆಯೋಗವನ್ನೇ ಮುಚ್ಚಿತು. ಗಲಾಟೆಯಾಗಿ ಮೇ ತಿಂಗಳಲ್ಲಿ ಮತ್ತೆ ತೆರೆಯಬೇಕಾಯಿತು. ಅವರು ಮತ್ತೆ ಬಂದು ಕೂತರು, ಸಾಕ್ಷಿ ಕೇಳಿದರು, 1998ರಲ್ಲಿ ವರದಿ ಕೊಟ್ಟರು. ಅಧಿಕಾರದಲ್ಲಿದ್ದ ಪಕ್ಷದ ನಾಯಕರ ಹೆಸರನ್ನೇ ಹಿಡಿದು ಬರೆದರು. ಸರ್ಕಾರ ಒಪ್ಪಲಿಲ್ಲ. ಆದರೆ ಆ ಪುಟಗಳು ಇವತ್ತಿಗೂ ಇವೆ, ಓದಬಹುದು.

ನೀನು ಸನ್ನದು ಎಲ್ಲಿ ತೆಗೆದುಕೊಂಡರೂ ಇಲ್ಲಿ ವಕೀಲಿ ಮಾಡಬಹುದು. ಅದರ ಚಿಂತೆ ಬೇಡ. ಹುಬ್ಬಳ್ಳಿಯಿಂದ ದಾದರ್ ರೈಲು ಹತ್ತಿ ಬಾ. ಅಪ್ಪನನ್ನೂ ಕರೆದುಕೊಂಡು ಬಾ. ಕೋರ್ಟಿನ ಕಲಾಪ ಶುರುವಾಗುವ ಮೊದಲು ಇಬ್ಬರಿಗೂ 46ನೇ ನಂಬರಿನ ಕೋರ್ಟಿನ ಹೊರಗಿರುವ ಕಲ್ಲನ್ನು ತೋರಿಸುತ್ತೇನೆ. 1908ರಲ್ಲಿ ಟಿಳಕರಿಗೆ ಆರು ವರ್ಷದ ಶಿಕ್ಷೆಯಾದದ್ದು ಆ ಕೋಣೆಯಲ್ಲಿ. ಶಿಕ್ಷೆ ಕೊಟ್ಟ ಜಡ್ಜ್ ದಾವರ್ 1897ರಲ್ಲಿ ಟಿಳಕರಿಗೆ ಜಾಮೀನು ಕೊಡಿಸಿದ್ದ ವಕೀಲರೇ ಆಗಿದ್ದರು. ಜ್ಯೂರಿ ಏನೇ ಹೇಳಲಿ, ನಾನು ನಿರಪರಾಧಿ ಅಂತ ಟಿಳಕರು ಆ ದಿನ ಹೇಳಿದ ಮಾತನ್ನು ಅಮೃತಶಿಲೆಯಲ್ಲಿ ಕೆತ್ತಿದ್ದಾರೆ. ಅದನ್ನು 1956ರಲ್ಲಿ ಅನಾವರಣ ಮಾಡಿದವರು ಇದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. ಅಪ್ಪ ಅದನ್ನು ನಿಧಾನವಾಗಿ ಓದಲಿ. ಆಮೇಲೆ ಮಾಟುಂಗಾಕ್ಕೆ ಹೋಗಿ ಊಟ ಮಾಡೋಣ.