ಐದೂವರೆ ಲಕ್ಷ ಜನದಲ್ಲಿ ಲೂಪಸ್ ಎಷ್ಟು ಜನಕ್ಕೆ?

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ರು ಬರೆದಿದಾರೆ: "ನನ್ನ ಸೊಸೆಗೆ 27 ವರ್ಷ. ಒಂದೂವರೆ ವರ್ಷದಿಂದ ಗಂಟು ನೋವು, ಸುಸ್ತು, ಕೂದಲು ಉದುರೋದು. ಈಗ ಮೈಸೂರಲ್ಲಿ ಲೂಪಸ್ ಅಂದಿದಾರೆ. ನಮ್ಮೂರಲ್ಲಿ ಯಾರೂ ಈ ಹೆಸರೇ ಕೇಳಿಲ್ಲ. ಪಂದಿಕರಿ ತಿಂದಿದ್ದಕ್ಕೆ ಬಂತು ಅಂತಾರೆ ಕೆಲವರು. ಇಷ್ಟು ಅಪರೂಪದ ಕಾಯಿಲೆ ಇವಳಿಗೇ ಯಾಕೆ, ಅದೂ ಮಗು ಆಗೋ ವಯಸ್ಸಲ್ಲಿ?"

ಅಕ್ಕಾ, ಲೂಪಸ್ ಅಂದ್ರೆ ನಮ್ಮ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ತಿರುಗಿ ಬೀಳೋ ಕಾಯಿಲೆ. ಮೊದಲು ಪಂದಿಕರಿ ವಿಷಯ ಮುಗಿಸ್ತೀನಿ. ಅದರಿಂದ ಬಂದಿದ್ದಲ್ಲ. ಹಾಗೆ ಬರೋದಾಗಿದ್ರೆ ಕೊಡಗಲ್ಲಿ ಮನೆಗಿಬ್ಬರಿಗೆ ಇರಬೇಕಿತ್ತು.

ಅಪರೂಪಾನಾ ಅನ್ನೋದಕ್ಕೆ ಉತ್ತರ ಸ್ವಲ್ಪ ತಿರುವುಮುರುವು ಇದೆ. ಡೆಲ್ಲಿ ಹತ್ರದ ಹಳ್ಳಿಗಳಲ್ಲಿ ಮಾಡಿ 1993ರಲ್ಲಿ ಪ್ರಕಟವಾದ ಸರ್ವೇಲಿ ಲಕ್ಷಕ್ಕೆ ಸುಮಾರು 3 ಜನ ಸಿಕ್ಕಿದ್ರು, ಇಡೀ ಪ್ರಪಂಚದ ಲೆಕ್ಕ ಸೇರಿಸಿ 2023ರಲ್ಲಿ ಬಂದ ಅಂದಾಜು ನೋಡಿದ್ರೆ ಲಕ್ಷಕ್ಕೆ ಸುಮಾರು 44, ಹೆಂಗಸರಲ್ಲಿ ಮಾತ್ರ ತಗೊಂಡ್ರೆ ಸುಮಾರು 79. 2011ರ ಜನಗಣತಿ ಪ್ರಕಾರ ಕೊಡಗಲ್ಲಿ ಐದೂವರೆ ಲಕ್ಷ ಜನ, ಹಾಗಾಗಿ ಮೊದಲನೇ ಲೆಕ್ಕದಲ್ಲಿ ಇಡೀ ಜಿಲ್ಲೆಗೆ ಹದಿನೇಳು ಜನ, ಒಂದು ಮಿನಿ ಬಸ್ಸೂ ತುಂಬಲ್ಲ, ಎರಡನೇದ್ರಲ್ಲಿ ಇನ್ನೂರ ನಲವತ್ತು, ಅಂದ್ರೆ ಐದು ಬಸ್ಸು! ಇದು ಬರೀ ಕಾಗದದ ಮೇಲಿನ ಗುಣಾಕಾರ, ಯಾರೂ ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಆದ್ರೆ ಆ ಬಸ್ಸಲ್ಲಿ ಕೂತಿರೋರು ಯಾರು ನೋಡಿ, ಹತ್ತರಲ್ಲಿ ಒಂಬತ್ತು ಜನ ಹೆಂಗಸರು, ಹೆಚ್ಚಿನವರಿಗೆ ಶುರುವಾಗಿದ್ದು 15ರಿಂದ 45ರೊಳಗೆ. ಮೈನೆರೆಯೋಕೆ ಮುಂಚೆ, ಮುಟ್ಟು ನಿಂತ ಮೇಲೆ ಹೊಸದಾಗಿ ಬರೋರಲ್ಲಿ ಈ ಹೆಣ್ಣು ಗಂಡಿನ ಅಂತರ ಇಷ್ಟಿರಲ್ಲ. ಊರಿಗೆಲ್ಲ ಹಂಚಿದ್ರೆ ಅಪರೂಪ, ನಿಮ್ಮ ಸೊಸೆ ವಯಸ್ಸಿನವರಿಗೆ ಅಷ್ಟೇನೂ ಅಪರೂಪ ಅಲ್ಲ.

ಯಾಕೆ ಹೆಂಗಸರಿಗೇ ಅಂದ್ರೆ, ಈಸ್ಟ್ರೋಜೆನ್ ಹಾರ್ಮೋನ್ ಪಾತ್ರ ಇದೆ ಅಂತ ಮುಂಚಿಂದ ಹೇಳ್ತಾ ಬಂದಿದಾರೆ. ಅದರ ಜೊತೆಗೆ ಹೆಂಗಸರಿಗೆ ಎಕ್ಸ್ ಕ್ರೋಮೋಸೋಮ್ ಎರಡಿರತ್ತಲ್ಲ, ಅದರಲ್ಲೊಂದನ್ನ ದೇಹ ಬಾಯ್ಮುಚ್ಚಿಸಿ ಇಡ್ಬೇಕು, ಬಾಯ್ಮುಚ್ಚಿಸೋ ಆ ವ್ಯವಸ್ಥೇನೇ ರೋಗನಿರೋಧಕ ಶಕ್ತಿನ ಕೆಣಕತ್ತೆ ಅನ್ನೋ ಸುಳಿವು 2024ರಲ್ಲಿ ಸ್ಟ್ಯಾನ್‌ಫರ್ಡ್‌ನವರ ಸಂಶೋಧನೇಲಿ ಸಿಕ್ಕಿದೆ. ಅವಳು ಮಾಡಿದ ತಪ್ಪು ಏನೂ ಇಲ್ಲ ಇದ್ರಲ್ಲಿ.

ಯಾರೂ ಹೆಸರು ಕೇಳಿಲ್ಲ ಅಂದ್ರಲ್ಲ, ನನಗೆ ಅದೇ ದೊಡ್ಡ ವಿಷಯ. ನನ್ನ ಹೆಂಡತಿ ತಂಗಿಗೆ ಎರಡು ವರ್ಷ ವಾತ ಅಂತಲೇ ಇಂಜೆಕ್ಷನ್ ಕೊಡ್ತಿದ್ರು, ನಡುವೆ ರಕ್ತ ಕಮ್ಮಿ ಅಂತ ಟಾನಿಕ್ಕು, ಆಮೇಲೆ "ಟೆನ್ಷನ್ ಜಾಸ್ತಿ ಮಾಡ್ಕೋತಾಳೆ". ಬೆಳಿಗ್ಗೆ ಹೊತ್ತು ಕಡಂಬುಟ್ಟು ಉಂಡೆ ಕಟ್ಟೋಕೆ ಬೆರಳು ಮಡಚ್ತಿರಲಿಲ್ಲ ಅವಳಿಗೆ, ಹತ್ತು ಗಂಟೆ ಆದ್ಮೇಲೆ ಸರಿ ಹೋಗೋದು, ಹಾಗಾಗಿ ಮನೆಯವರಿಗೆ ಅನುಮಾನ, ಕೆಲಸ ತಪ್ಪಿಸ್ಕೊಳ್ಳೋಕೆ ಅಂತ. ಕಣದಲ್ಲಿ ಕಾಫಿ ಹರವಿ ಬಂದ ದಿನ ಎರಡು ಕೆನ್ನೆ, ಮೂಗಿನ ಮೇಲೆ ಕೆಂಪು, ಮೂಗಿನ ಪಕ್ಕದಿಂದ ಬಾಯಿಗಿಳಿಯೋ ಗೆರೆ ಮಾತ್ರ ಬಿಟ್ಟು. ಬಿಸಿಲಿಗೆ ಅಂದ್ವಿ. ನಾನೂ ಹಾಗೇ ಅಂದವನೇ, ಪತ್ರಿಕೆ ನಡೆಸೋನು ಬೇರೆ! ಕೊನೆಗೆ ಕಾಲು ಊದಿ ಮೂತ್ರದಲ್ಲಿ ನೊರೆ ಬರೋಕೆ ಶುರುವಾದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರು ಯೂರಿನ್ ಪ್ರೋಟೀನ್ ಟೆಸ್ಟ್ ಬರೆದುಕೊಟ್ರು, ಅವಳಿಗೂ ಲೂಪಸ್ಸೇ, ಕಿಡ್ನಿಗೆ ಇಳಿದಿತ್ತು.

ಮಗು ವಿಷಯ. ಆಗತ್ತೆ, ತುಂಬಾ ಜನಕ್ಕೆ ಆಗಿದೆ, ನನ್ನ ಹೆಂಡತಿ ತಂಗಿಗೂ ಈಗ ನಾಲ್ಕು ವರ್ಷದ ಮಗ ಇದಾನೆ. ಆದ್ರೆ ಕಾಯಿಲೆ ಕನಿಷ್ಠ ಆರು ತಿಂಗಳು ತಣ್ಣಗೆ ಕೂತಿರಬೇಕು, ಆಮೇಲೆ ಡಾಕ್ಟ್ರಿಗೆ ಹೇಳಿಯೇ ಪ್ಲಾನ್ ಮಾಡ್ಬೇಕು. ಲೂಪಸ್‌ಗೆ ಕೊಡೋ ಮೈಕೋಫಿನೊಲೇಟ್ ಥರದ ಮಾತ್ರೆ ಮಗುಗೆ ಅಪಾಯ, ಅದನ್ನ ಮುಂಚೇನೇ ಅವರು ಬದಲಾಯಿಸ್ತಾರೆ. ಮಲೇರಿಯಾಗೂ ಲೂಪಸ್‌ಗೂ ಕೊಡೋ ಹೈಡ್ರಾಕ್ಸಿಕ್ಲೋರೋಕ್ವಿನ್ ಹಾಗಲ್ಲ, "ಮಲೇರಿಯಾ ಮಾತ್ರೆ ಬಸುರೀಲಿ ಯಾಕೆ" ಅಂತ ಯಾರಾದ್ರೂ ಹಿರಿಯರು ನಿಲ್ಲಿಸಿದ್ರೆ ಕಾಯಿಲೆ ಮತ್ತೆ ಕೆರಳಬಹುದು, ಸಾಮಾನ್ಯವಾಗಿ ಬಸುರೀಲೂ ಅದನ್ನ ಮುಂದುವರಿಸೋಕೇ ಹೇಳ್ತಾರೆ. ಜೊತೆಗೆ ಆಂಟಿಫಾಸ್ಫೋಲಿಪಿಡ್ ಮತ್ತೆ ರೋ, ಲಾ ಅನ್ನೋ ಆಂಟಿಬಾಡಿ ಟೆಸ್ಟ್ ಆಗಿದ್ಯಾ ಕೇಳಿ, ಮೊದಲನೇದಿದ್ರೆ ಗರ್ಭಪಾತದ ಭಯ ಜಾಸ್ತಿ, ಎರಡನೇದಿದ್ರೆ ಹೊಟ್ಟೇಲಿರೋ ಮಗುವಿನ ಹೃದಯದ ಬಡಿತ ನೋಡ್ಕೋತಾ ಇರ್ಬೇಕು.

ಮಗಳಿಗೂ ಎಎನ್ಎ ಟೆಸ್ಟ್ (ಲೂಪಸ್ ಅನುಮಾನ ಬಂದಾಗ ಮಾಡಿಸೋ ರಕ್ತ ಪರೀಕ್ಷೆ) ಮಾಡಿಸ್ಬೇಕಾ ಅಂತ ಕೊನೇಲಿ ಕೇಳಿದೀರಿ. ಏನೂ ತೊಂದರೆ ಇಲ್ದಿದ್ರೆ ಬೇಡ, ಆರೋಗ್ಯವಾಗಿರೋರಲ್ಲೂ ಅದು ಪಾಸಿಟಿವ್ ಬರತ್ತೆ, ಸುಮ್ನೆ ನಿದ್ದೆ ಕೆಡತ್ತೆ.

ಬಿಸಿಲಿಗೆ ಈ ಕಾಯಿಲೆ ಕೆರಳತ್ತೆ, ಮೋಡ ಇದೆ ಅಂತ ಸೊಸೇನ ಟೋಪಿ ಇಲ್ದೆ ತೋಟಕ್ಕೆ ಕಳಿಸ್ಬೇಡಿ. ಮತ್ತೆ ಮೈಸೂರಿಗೆ ಹೋಗುವಾಗ ಹಳೇ ರಿಪೋರ್ಟ್ ಎಲ್ಲ ಒಂದೇ ಫೈಲಲ್ಲಿ ಹಾಕಿ, ಯೂರಿನ್‌ದು ಮೇಲಿರಲಿ.